ಒತ್ತಡದ ನಡುವೆ ಮೌಲ್ಯದ ನೆಲೆ: ಪ್ರಯೋಗಾಲಯದಿಂದ ನಿರಾಶ್ರಿತರ ಶಿಬಿರದವರೆಗೆ

ಪೀಠಿಕೆ

ಒತ್ತಡ ಮೇಲೆರಗಿದಾಗ ಮನುಷ್ಯ ಯಾವುದನ್ನು ನೆಚ್ಚಿ ನಿಲ್ಲುತ್ತಾನೆ? ಧರ್ಮ ಮತ್ತು ನೀತಿಶಾಸ್ತ್ರಗಳು ಬಹುಕಾಲದಿಂದ ಕೇಳುತ್ತ ಬಂದಿರುವ ಈ ಪ್ರಶ್ನೆಯನ್ನು ಪ್ರಾಯೋಗಿಕ ಮನೋವಿಜ್ಞಾನ ಈಚಿನ ದಶಕಗಳಲ್ಲಿ ಅಳತೆಗೆ ಒಳಪಡಿಸಿದೆ. ಅಮೆರಿಕದ ಮನೋವಿಜ್ಞಾನಿ ಕ್ಲಾಡ್ ಸ್ಟೀಲ್ 1988ರಲ್ಲಿ ಮಂಡಿಸಿದ ಸ್ವದೃಢೀಕರಣ ಸಿದ್ಧಾಂತ ಈ ಅಧ್ಯಯನಗಳಿಗೆ ಬುನಾದಿ. ವ್ಯಕ್ತಿ ಕಾಪಾಡಿಕೊಳ್ಳಲು ಹೆಣಗುವುದು ತಾನು ಒಟ್ಟಾರೆಯಾಗಿ ಯೋಗ್ಯ ಎಂಬ ಭಾವವನ್ನು. ಆದ್ದರಿಂದ ಬದುಕಿನ ಒಂದು ಕಡೆ ಬಿದ್ದ ಪೆಟ್ಟನ್ನು ಇನ್ನೊಂದು ಕಡೆಯ ಆಧಾರ ತಾಳಿಕೊಳ್ಳಬಲ್ಲದು ಎಂಬುದು ಅದರ ತಿರುಳು. ಮೌಲ್ಯಗಳು ಹೀಗೆ ಆಧಾರವಾಗುವುದು ಅವು ನಮ್ಮ ಗಮನವನ್ನು ನಮ್ಮಿಂದ ಆಚೆಗೆ ಒಯ್ಯುವುದರಿಂದ ಮತ್ತು ನಿತ್ಯದ ನಡತೆಯಾಗಿ ಇಳಿಯುವುದರಿಂದ ಎಂದು ಈ ಲೇಖನ ವಾದಿಸುತ್ತದೆ.

ದೇಹದ ಸಾಕ್ಷ್ಯ

ಡೇವಿಡ್ ಕ್ರೆಸ್‌ವೆಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಮೊದಲು ತಮ್ಮ ಮೌಲ್ಯಗಳನ್ನು ಮಹತ್ವದ ಕ್ರಮದಲ್ಲಿ ಜೋಡಿಸಿದರು. ಒಂದು ಗುಂಪು ತನಗೆ ಅತಿ ಮುಖ್ಯವಾದ ಮೌಲ್ಯದ ಬಗ್ಗೆ ಪ್ರಶ್ನೆಗಳಿಗೆ ಉತ್ತರಿಸಿತು. ಇನ್ನೊಂದು ಗುಂಪು ಅಷ್ಟೇನೂ ಮುಖ್ಯವಲ್ಲದ ಮೌಲ್ಯದ ಬಗ್ಗೆ ಉತ್ತರಿಸಿತು. ಬಳಿಕ ಎಲ್ಲರೂ ಮುಖದಲ್ಲಿ ಮೆಚ್ಚುಗೆಯ ಸುಳಿವೇ ತೋರದ ಪರೀಕ್ಷಕರ ಮುಂದೆ ಭಾಷಣ ಮಾಡಬೇಕಿತ್ತು, ಬಾಯಿಲೆಕ್ಕ ಹೇಳಬೇಕಿತ್ತು. ಜೊಲ್ಲಿನಲ್ಲಿ ಅಳೆದ, ಒತ್ತಡದಲ್ಲಿ ಹೆಚ್ಚುವ ಕಾರ್ಟಿಸಾಲ್ ಹಾರ್ಮೋನಿನ ಏರಿಕೆ ಮೊದಲ ಗುಂಪಿನಲ್ಲಿ ಗಣನೀಯವಾಗಿ ಕಡಿಮೆಯಿತ್ತು. ಅವರು ನೆನೆದುಕೊಂಡ ಮೌಲ್ಯಕ್ಕೂ ಮುಂದೆ ಬಂದ ಪರೀಕ್ಷೆಗೂ ಸಂಬಂಧವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಡೇವಿಡ್ ಶರ್ಮನ್ ತಂಡ 2009ರಲ್ಲಿ ಇದನ್ನು ನಿಜಜೀವನದ ಪರೀಕ್ಷೆಗೆ ವಿಸ್ತರಿಸಿತು. ತಮಗೆ ಅತಿ ಹೆಚ್ಚು ಒತ್ತಡ ತರುವ ಪರೀಕ್ಷೆಗೆ ಮುಂಚಿನ ಎರಡು ವಾರಗಳಲ್ಲಿ ಕೆಲವು ವಿದ್ಯಾರ್ಥಿಗಳು ಮುಖ್ಯ ಮೌಲ್ಯಗಳ ಕುರಿತು ಎರಡು ಪ್ರಬಂಧ ಬರೆದರು. ಮುಖ್ಯ ಮೌಲ್ಯಗಳ ಕುರಿತು ಬರೆಯದವರ ಮೂತ್ರದಲ್ಲಿ ಒತ್ತಡದ ಹಾರ್ಮೋನಾದ ಎಪಿನೆಫ್ರಿನ್‌ನ ಪ್ರಮಾಣ ಪರೀಕ್ಷೆಯ ಹೊತ್ತಿಗೆ ಏರಿತ್ತು, ಬರೆದವರಲ್ಲಿ ಏರಲಿಲ್ಲ. ಇತರರು ತಮ್ಮನ್ನು ಹೇಗೆ ತೂಗುತ್ತಾರೋ ಎಂಬ ಅಳುಕು ಹೆಚ್ಚಿದ್ದವರಿಗೇ ಹೆಚ್ಚು ಲಾಭವಾಯಿತು.

ಇದರ ಹಿಂದೆ ಕೆಲಸ ಮಾಡುವುದು ಆತ್ಮಪ್ರಶಂಸೆಯೇ? ಜೆನಿಫರ್ ಕ್ರಾಕರ್ ಮತ್ತು ಸಹೋದ್ಯೋಗಿಗಳ 2008ರ ಅಧ್ಯಯನ ಬೇರೆ ದಾರಿ ತೋರಿಸುತ್ತದೆ. ಮೌಲ್ಯಗಳ ಬಗ್ಗೆ ಬರೆದವರಲ್ಲಿ ಇತರರ ಮೇಲಿನ ಪ್ರೀತಿ, ನಂಟಿನ ಭಾವ ಹೆಚ್ಚಿತು. ಧೂಮಪಾನದ ಅಪಾಯದಂಥ ಅಪ್ರಿಯ ಸತ್ಯವನ್ನು ತಳ್ಳಿಹಾಕುವ ಪ್ರವೃತ್ತಿ ತಗ್ಗಿದ್ದಕ್ಕೆ ಈ ಭಾವವೇ ವಿವರಣೆ ನೀಡಿತು. ತನ್ನ ಬಗೆಗಿನ ಹೆಮ್ಮೆ ಆ ವಿವರಣೆ ನೀಡಲಿಲ್ಲ.

ಗುರಿ ಕುಸಿದಾಗ

ಮೌಲ್ಯ ಮತ್ತು ಗುರಿ ಬೇರೆ ಬೇರೆ ಎಂಬ ವಿಚಾರಕ್ಕೆ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ರೂಪಿಸಿದ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ ಕೇಂದ್ರಸ್ಥಾನ ಕೊಡುತ್ತದೆ. ಮನೆ ಕಟ್ಟುವುದು ಗುರಿ. ಮನೆಯವರನ್ನು ಅಕ್ಕರೆಯಿಂದ ನೋಡಿಕೊಳ್ಳುವುದು ಮೌಲ್ಯ. ಗುರಿ ಈಡೇರಬಹುದು, ಕೈತಪ್ಪಲೂಬಹುದು. ಮೌಲ್ಯ ಮುಗಿಯುವಂಥದ್ದಲ್ಲ, ಯಾವ ಸ್ಥಿತಿಯಲ್ಲೂ ಅದರಂತೆ ಒಂದು ಸಣ್ಣ ಕೆಲಸವನ್ನಾದರೂ ಮಾಡಲು ಸಾಧ್ಯ.

ಈ ವಿಚಾರದ ಕಠಿಣ ಪರೀಕ್ಷೆ ಉಗಾಂಡಾದ ರೈನೋ ಕ್ಯಾಂಪ್ ನಿರಾಶ್ರಿತರ ವಸತಿಯಲ್ಲಿ ನಡೆಯಿತು. ಈ ಚಿಕಿತ್ಸೆಯ ಆಧಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಸೆಲ್ಫ್ ಹೆಲ್ಪ್ ಪ್ಲಸ್' ಕಾರ್ಯಕ್ರಮವನ್ನು 14 ಗ್ರಾಮಗಳ 694 ದಕ್ಷಿಣ ಸುಡಾನಿ ಮಹಿಳೆಯರೊಂದಿಗೆ ಪರೀಕ್ಷಿಸಿ, ವೀಟ್ಸೆ ಟೋಲ್ ತಂಡ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಐದು ವಾರ, ವಾರಕ್ಕೊಂದು ಗುಂಪು ಸಭೆ, ಧ್ವನಿಮುದ್ರಣ ಕೇಳಿಸಿ ಚರ್ಚೆ, ಜೊತೆಗೊಂದು ಚಿತ್ರಪುಸ್ತಕ. ಸಭೆ ನಡೆಸಿದವರು ಮನೋವೈದ್ಯರಲ್ಲ, ಅಲ್ಪ ತರಬೇತಿ ಪಡೆದ ಸ್ಥಳೀಯ ಮಹಿಳೆಯರು. ಯುದ್ಧ ಮನೆ, ಊರು, ಬಂಧುಗಳನ್ನು ಕಸಿದುಕೊಂಡಿದ್ದ ಆ ಹೆಂಗಸರಿಗೆ ಕೇಳಿದ ಮುಖ್ಯ ಪ್ರಶ್ನೆಗಳಲ್ಲೊಂದು: ನೀವು ಎಂಥವರಾಗಿ ಬಾಳಲು ಬಯಸುತ್ತೀರಿ, ಅದಕ್ಕಾಗಿ ಈ ವಾರ ಯಾವ ಸಣ್ಣ ಕೆಲಸ ಮಾಡಬಲ್ಲಿರಿ? ಮೂರು ತಿಂಗಳ ನಂತರ, ಕಾರ್ಯಕ್ರಮದಲ್ಲಿ ಪಾಲ್ಗೊಂಡವರ ಮಾನಸಿಕ ಯಾತನೆ ಅದರಲ್ಲಿ ಪಾಲ್ಗೊಳ್ಳದ ಹೋಲಿಕೆಯ ಗುಂಪಿಗಿಂತ ಕಡಿಮೆಯಿತ್ತು.

ಮಿತಿಗಳು

ಈ ಸಾಕ್ಷ್ಯವನ್ನು ಹಿಗ್ಗಿಸಿ ಓದಬಾರದು. ಉಗಾಂಡಾದ ಕಾರ್ಯಕ್ರಮದಲ್ಲಿ ಉಸಿರಿನ ಅರಿವು, ತನ್ನ ಬಗ್ಗೆ ಕರುಣೆ ಮುಂತಾದ ಅಭ್ಯಾಸಗಳೂ ಬೆರೆತಿದ್ದವು. ಮೌಲ್ಯದ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು. ಶಾಲಾಮಕ್ಕಳ ಅಂಕಗಳ ಮೇಲೆ ಮೌಲ್ಯಗಳ ಕುರಿತು ಬರೆಯುವುದರ ಪರಿಣಾಮವನ್ನು ಅಮೆರಿಕದ ಮ್ಯಾಡಿಸನ್ ನಗರದಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಮೊದಲ ತಂಡದಲ್ಲಿ ಕಂಡ ಲಾಭ ಮುಂದಿನ ತಂಡದಲ್ಲಿ ಕಾಣಲಿಲ್ಲ. ಸಂದರ್ಭ ಬದಲಾದರೆ ಫಲವೂ ಬದಲಾಗುತ್ತದೆ.

ಇದಕ್ಕಿಂತ ಗಂಭೀರವಾದುದು ನೈತಿಕ ಮಿತಿ. ಅತಿಯಾದ ದುಡಿಮೆ ಅಥವಾ ದೌರ್ಜನ್ಯವೇ ಒತ್ತಡದ ಮೂಲವಾಗಿದ್ದಾಗ, ನೊಂದವರಿಗೆ ಮೌಲ್ಯಪಾಠ ಹೇಳುವುದು ಹೊಣೆಯನ್ನು ಅವರ ಹೆಗಲಿಗೇ ಹೊರಿಸಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಕೈಪಿಡಿ ಕಷ್ಟದ ಸನ್ನಿವೇಶವನ್ನು ಬಿಟ್ಟು ಹೊರಡುವುದನ್ನೂ ಒಂದು ದಾರಿಯೆಂದು ಗುರುತಿಸಿ, ಬದಲಿಸಲು ಸಾಧ್ಯವಿರುವುದನ್ನು ಬದಲಿಸಿ ಎನ್ನುತ್ತದೆ. ಇದು ಸರಿಯಾದ ನಿಲುವು.

ಸಮಾರೋಪ

ಪರೀಕ್ಷೆಯ ಕೊಠಡಿ ಮತ್ತು ನಿರಾಶ್ರಿತರ ವಸತಿ, ಈ ಎರಡು ನೆಲೆಗಳನ್ನು ಒಟ್ಟಿಗೆ ಓದಿದಾಗ ತಾಳಿಕೆಯ ಅರ್ಥವೇ ವಿಸ್ತಾರವಾಗುತ್ತದೆ. ನೋವು ತಾಗದಷ್ಟು ಗಟ್ಟಿಯಾಗುವುದನ್ನು ತಾಳಿಕೆ ಎನ್ನಲಾಗದು. ನೋವಿನ ನಡುವೆಯೂ ತನಗೆ ಮುಖ್ಯವಾದವರ, ಮುಖ್ಯವಾದುದರ ಕಡೆಗೆ ನಡೆಯುವ ಶಕ್ತಿಯೇ ತಾಳಿಕೆ. ನಮ್ಮ ಕಾಲೇಜು, ಕಚೇರಿಗಳಲ್ಲಿ ಇದನ್ನು ಅಳವಡಿಸುವವರು ಹೊರಗಿನ ಸಿದ್ಧ ಮೌಲ್ಯಪಟ್ಟಿಯನ್ನು ಹಂಚುವ ಬದಲು, ಜನ ತಮ್ಮ ಮಾತಿನಲ್ಲೇ ತಮಗೆ ದೊಡ್ಡದೆನಿಸಿದ್ದನ್ನು ಹೆಸರಿಸಲು ಅವಕಾಶ ಕೊಡಬೇಕು. ಅದರಂತೆ ನಡೆಯಲು ಬೇಕಾದ ಸಮಯವನ್ನೂ ಸ್ವಾತಂತ್ರ್ಯವನ್ನೂ ಆ ಸಂಸ್ಥೆಗಳೇ ಒದಗಿಸಬೇಕು.