ಸಾಕಣೆ ಕೆರೆಗಳಲ್ಲಿ ಮೀನು ಹೇನನ್ನು ಗುರುತಿಸುವ ಬಗ್ಗೆ ಮಾಹಿತಿ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ಅಡಿಕೆ ತೋಟಗಳ ಕೆರೆ, ಮದಕ ಮತ್ತು ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುವವರು, ಪಾಚಿಯ ನಡುವೆ ಸಣ್ಣ ಜೀವಿಗಳು ಕಂಡ ಮಾತ್ರಕ್ಕೆ ನೀರಿಗೆ ಕೀಟನಾಶಕ ಸುರಿಯುವುದು ಸರಿಯಾದ ಕ್ರಮವಲ್ಲ. ಅವುಗಳಲ್ಲಿ ಹೆಚ್ಚಿನವು ಮೀನಿಗೆ ಆಹಾರವಾಗಿದ್ದು, ಕೆಲವು ಮಾತ್ರ ಉಪದ್ರವಕಾರಿ.

ಉಪದ್ರವಕಾರಿಗಳಲ್ಲಿ ಮುಖ್ಯವಾದುದು ಮೀನು ಹೇನು. ಇದರ ಶಾಸ್ತ್ರೀಯ ನಾಮ ಆರ್ಗ್ಯುಲಸ್. ಹೆಸರಿನಲ್ಲಿ ಹೇನು ಎಂದಿದ್ದರೂ ಇದು ಕೀಟವಲ್ಲ. ತುಳುವಿನಲ್ಲಿ ಎಟ್ಟಿ, ಡೆಂಜಿ ಎನ್ನುವ ಸಿಗಡಿ, ಏಡಿಗಳಂತೆ ಕಠಿಣಚರ್ಮಿ ವರ್ಗಕ್ಕೆ ಸೇರಿದ ಜೀವಿ. ಸುಮಾರು ಅರ್ಧ ಸೆಂ.ಮೀ. ಉದ್ದದ, ಬಿಲ್ಲೆಯಂತೆ ಚಪ್ಪಟೆಯಾದ, ಪಾರದರ್ಶಕ ದೇಹವಿದ್ದು, ಎರಡು ಕಪ್ಪು ಕಣ್ಣುಗಳು ಬರಿಗಣ್ಣಿಗೇ ಕಾಣುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ತಳಭಾಗದಲ್ಲಿ ಎರಡು ದುಂಡನೆಯ ಹೀರುಬಟ್ಟಲುಗಳು ಹಾಗೂ ನಾಲ್ಕು ಜೊತೆ ಈಜುಕಾಲುಗಳು ಕಂಡುಬರುತ್ತವೆ. ಮೀನಿನ ಈಜುರೆಕ್ಕೆಯ ಬುಡದಲ್ಲಿ ಇದನ್ನು ಮೊದಲು ಹುಡುಕತಕ್ಕದ್ದು. ಬೆರಳಿನಿಂದ ತಟ್ಟಿದಾಗ ಮೈಮೇಲೆ ಸರಿದಾಡಿದರೆ ಅಥವಾ ಬಿಟ್ಟು ಈಜಿಹೋದರೆ ಅದು ಮೀನು ಹೇನೇ ಆಗಿರುತ್ತದೆ. ಮೈಯೊಳಗೆ ನಾಟಿಕೊಂಡು ದಾರದಂತೆ ಜೋತುಬಿದ್ದಿರುವುದು ಲಂಗರು ಹುಳು. ಅದೂ ಇದೇ ವರ್ಗದ ಬೇರೊಂದು ಪರೋಪಜೀವಿ.

ನೀರನ್ನು ಬಿಳಿ ತಟ್ಟೆಯಲ್ಲಿ ತೆಗೆದು ನೋಡಿದಾಗ ಕುಪ್ಪಳಿಸುತ್ತಾ ಚಲಿಸುವ ಸಾಸಿವೆಗಿಂತ ಚಿಕ್ಕ ಜೀವಿಗಳು ಡಾಫ್ನಿಯಾ, ಅಂದರೆ ನೀರು ಚಿಗಟ. ಇವು ಮರಿಮೀನಿಗೆ ಉತ್ತಮ ಆಹಾರ. ಬೋರ್ಡೋ ದ್ರಾವಣದಲ್ಲಿನ ತಾಮ್ರ ಇವುಗಳಿಗೆ ಮಾರಕವಾದುದರಿಂದ, ಔಷಧಿ ಸಿಂಪಡಿಸಿದ ಪಾತ್ರೆಗಳನ್ನು ಕೆರೆಯಲ್ಲಿ ತೊಳೆಯಬಾರದು.

ಮೀನು ಹೇನು ತಗುಲಿದ ಮೀನುಗಳು ಕೆರೆಯ ದಡಕ್ಕೆ ಮೈ ಉಜ್ಜುತ್ತವೆ, ಪದೇಪದೇ ನೀರಿನಿಂದ ಮೇಲಕ್ಕೆ ಹಾರುತ್ತವೆ. ಚರ್ಮದ ಮೇಲೆ ಕೆಂಪು ಚುಕ್ಕೆಗಳಾಗಿ ಮುಂದೆ ಹುಣ್ಣಾಗುತ್ತದೆ. ನಮ್ಮ ಸಾಕಣೆ ಮೀನುಗಳ ಪೈಕಿ ರೋಹುವಿಗೆ ಇದರ ಬಾಧೆ ಹೆಚ್ಚು. ಮನುಷ್ಯರಿಗೆ ಇದು ಹತ್ತುವುದಿಲ್ಲ.

ಹೆಣ್ಣು ಹೇನು ಮೀನನ್ನು ಬಿಟ್ಟು ಬಂದು ಕಲ್ಲು, ಮರದ ತುಂಡು ಮುಂತಾದ ಗಟ್ಟಿ ವಸ್ತುಗಳ ಮೇಲೆ ಸಾಲಾಗಿ ಮೊಟ್ಟೆಯಿಡುತ್ತದೆ. ಬೆಚ್ಚನೆಯ ನೀರಿನಲ್ಲಿ ಮೊಟ್ಟೆಯೊಡೆಯಲು ಸುಮಾರು ಎರಡು ವಾರ ಬೇಕು. ಆದುದರಿಂದ ಕೆರೆಯಲ್ಲಿ ಬಿದಿರಿನ ತುಂಡುಗಳನ್ನು ಇಳಿಬಿಟ್ಟು, ವಾರಕ್ಕೊಮ್ಮೆ ಹೊರತೆಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಹಾಕಬಹುದು. ಖರ್ಚಿಲ್ಲದ ಈ ಕ್ರಮವನ್ನು ಮೊದಲು ಅನುಸರಿಸುವುದು ಒಳಿತು. ಏಕೆಂದರೆ ಕೆರೆಗೆ ಸುರಿದ ವಿಷ ಮಳೆಗಾಲದಲ್ಲಿ ತೋಡಿನ ಮೂಲಕ ಕುಮಾರಧಾರೆಗೋ ಪಯಸ್ವಿನಿಗೋ ಸೇರುತ್ತದೆ.

ರಾಸಾಯನಿಕ ಚಿಕಿತ್ಸೆ ಅನಿವಾರ್ಯವೆನಿಸಿದಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿಯ ಸಲಹೆ ಪಡೆಯತಕ್ಕದ್ದು. ಸಲಹೆ ಕೋರುವ ಅರ್ಜಿಯಲ್ಲಿ ಕೆರೆಯ ವಿಸ್ತೀರ್ಣ, ನೀರಿನ ಆಳ, ಮರಿ ಬಿತ್ತನೆ ಮಾಡಿದ ದಿನಾಂಕ, ಮರಿಗಳನ್ನು ತಂದ ಸ್ಥಳ ಹಾಗೂ ಈಗಾಗಲೇ ಬಳಸಿದ ಔಷಧಿ ಇದ್ದಲ್ಲಿ ಅದರ ಹೆಸರನ್ನು ನಮೂದಿಸಿದರೆ ಪರಿಶೀಲನೆಗೆ ಅನುಕೂಲವಾಗುತ್ತದೆ. ಜೀವಿಯನ್ನು ಅದೇ ಕೆರೆಯ ನೀರು ತುಂಬಿದ ಬಾಟಲಿಯಲ್ಲಿ ಜೀವಂತವಾಗಿ ತರುವುದು.