ಫಿಸ್‌ಎಕ್ಸ್

ಫಿಸ್‌ಎಕ್ಸ್ ಎಂಬುದು ವಿಡಿಯೊ ಆಟಗಳಲ್ಲಿ ವಸ್ತುಗಳ ಚಲನೆ, ಡಿಕ್ಕಿ, ಬಟ್ಟೆಯ ಮಡಿಕೆ, ಹೊಗೆ, ದ್ರವದ ಹರಿವು ಮೊದಲಾದವುಗಳನ್ನು ಭೌತಶಾಸ್ತ್ರದ ನಿಯಮಗಳಿಗೆ ಅನುಗುಣವಾಗಿ ಲೆಕ್ಕಹಾಕುವ ತಂತ್ರಾಂಶವಾಗಿದೆ. ಇದನ್ನು ಪ್ರಸ್ತುತ ಅಮೆರಿಕದ ಎನ್‌ವಿಡಿಯಾ ಸಂಸ್ಥೆಯು ಅಭಿವೃದ್ಧಿಪಡಿಸುತ್ತಿದೆ. ಈ ಲೆಕ್ಕಾಚಾರವು ಬೇರೆ ಬೇರೆ ಕಾಲಗಳಲ್ಲಿ ಮೂರು ಬಗೆಯ ಯಂತ್ರಾಂಶಗಳ ಮೇಲೆ ನಡೆದಿದೆ: ಗಣಕಯಂತ್ರದ ಮುಖ್ಯ ಸಂಸ್ಕಾರಕ (ಸಿಪಿಯು), ಭೌತಿಕ ಲೆಕ್ಕಕ್ಕೆಂದೇ ತಯಾರಿಸಿದ ಪ್ರತ್ಯೇಕ ಕಾರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡ್ (ಜಿಪಿಯು). ಒಂದೇ ಆಟವು ಬೇರೆ ಬೇರೆ ಗಣಕಯಂತ್ರಗಳಲ್ಲಿ ಬೇರೆ ಬೇರೆಯಾಗಿ ಕಾಣಲು ಈ ವ್ಯತ್ಯಾಸವೂ ಒಂದು ಕಾರಣ.

ಕಾರ್ಯವಿಧಾನ

ಸೆಕೆಂಡಿಗೆ 60 ಚೌಕಟ್ಟುಗಳನ್ನು ತೋರಿಸುವ ಆಟದಲ್ಲಿ ಪ್ರತಿ ಚೌಕಟ್ಟಿಗೆ ಸುಮಾರು 16.7 ಮಿಲಿಸೆಕೆಂಡುಗಳಷ್ಟು ಮಾತ್ರ ಸಮಯವಿರುತ್ತದೆ. ಚಿತ್ರ ರಚನೆ, ಧ್ವನಿ ಮತ್ತು ಎದುರಾಳಿಗಳ ನಡವಳಿಕೆಯ ಜೊತೆಗೆ ಭೌತಿಕ ಲೆಕ್ಕವೂ ಇದೇ ಅವಧಿಯಲ್ಲಿ ಮುಗಿಯಬೇಕು. ಮೊದಲು ಪರಸ್ಪರ ಹತ್ತಿರವಿರುವ ವಸ್ತುಗಳ ಜೋಡಿಗಳನ್ನು ಸ್ಥೂಲವಾಗಿ ಗುರುತಿಸಲಾಗುತ್ತದೆ. ಬಳಿಕ ಆ ಜೋಡಿಗಳು ನಿಜವಾಗಿ ಎಲ್ಲಿ ತಾಗುತ್ತಿವೆ ಎಂಬುದನ್ನು ನಿಖರವಾಗಿ ಪರೀಕ್ಷಿಸಲಾಗುತ್ತದೆ. ಕೊನೆಯಲ್ಲಿ ಬಲ ಮತ್ತು ಘರ್ಷಣೆಯನ್ನು ಪರಿಗಣಿಸಿ ಪ್ರತಿ ವಸ್ತುವಿನ ಹೊಸ ವೇಗ ಮತ್ತು ಸ್ಥಾನವನ್ನು ನಿರ್ಧರಿಸಲಾಗುತ್ತದೆ.

ಸಿಪಿಯುನಲ್ಲಿ ಕೆಲವೇ ಆದರೆ ಶಕ್ತಿಶಾಲಿಯಾದ ಕೋರ್‌ಗಳಿರುತ್ತವೆ. ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳಂತೆ, ಒಂದರ ಚಲನೆ ಮತ್ತೊಂದನ್ನು ಅವಲಂಬಿಸಿರುವ ಸಂದರ್ಭಗಳನ್ನು ಅದು ಚೆನ್ನಾಗಿ ನಿಭಾಯಿಸುತ್ತದೆ. ಜಿಪಿಯುನಲ್ಲಿ ನೂರಾರು ಅಥವಾ ಸಾವಿರಾರು ಸರಳ ಘಟಕಗಳಿದ್ದು, ಒಂದೇ ಲೆಕ್ಕವನ್ನು ಅಸಂಖ್ಯ ಕಣಗಳಿಗೆ ಏಕಕಾಲದಲ್ಲಿ ಅನ್ವಯಿಸಬಲ್ಲದು. ಆದ್ದರಿಂದ ಹೊಗೆ, ಕಿಡಿ, ಬಟ್ಟೆ, ದ್ರವ ಮುಂತಾದವು ಜಿಪಿಯುಗೆ ಹೆಚ್ಚು ಒಗ್ಗುತ್ತವೆ.

ಆಟದ ಫಲಿತಾಂಶವನ್ನು ಬದಲಿಸುವ ಲೆಕ್ಕ ಮತ್ತು ಕೇವಲ ನೋಟಕ್ಕಾಗಿ ಇರುವ ಲೆಕ್ಕ ಎಂಬ ಭೇದವೂ ಇಲ್ಲಿ ಮುಖ್ಯ. ಬಾಗಿಲಿಗೆ ಅಡ್ಡವಾಗಿ ಬಿದ್ದ ಪೀಪಾಯಿಯ ಸ್ಥಾನವು ಆಟದ ಉಳಿದ ಭಾಗಗಳಿಗೂ ತಿಳಿಯಬೇಕಾದುದರಿಂದ ಅದರ ಲೆಕ್ಕವನ್ನು ಸಾಮಾನ್ಯವಾಗಿ ಸಿಪಿಯು ಮಾಡುತ್ತದೆ. ಒಡೆದ ಗಾಜಿನ ಚೂರುಗಳನ್ನು ಪರದೆಯ ಮೇಲೆ ತೋರಿಸಿದರೆ ಸಾಕಾದುದರಿಂದ ಅವನ್ನು ಜಿಪಿಯುಗೆ ವಹಿಸಬಹುದು. ಎಲ್ಲ ಆಟಗಾರರ ಬಳಿಯೂ ಒಂದೇ ಬಗೆಯ ಕಾರ್ಡ್ ಇರುವುದಿಲ್ಲವಾದ್ದರಿಂದ, ಆಟಗಳ ತಯಾರಕರು ಜಿಪಿಯು ಫಿಸ್‌ಎಕ್ಸ್ ಅನ್ನು ಹೆಚ್ಚಾಗಿ ಅಲಂಕಾರಿಕ ಪರಿಣಾಮಗಳಿಗೆ ಸೀಮಿತಗೊಳಿಸಿದರು.

ಇತಿಹಾಸ

ಈ ತಂತ್ರಾಂಶದ ಮೂಲ ಸ್ವಿಟ್ಜರ್ಲೆಂಡಿನ ನೋವೊಡೆಕ್ಸ್ ಎಂಬ ಸಂಸ್ಥೆಯಲ್ಲಿದೆ. ಅದನ್ನು 2004ರಲ್ಲಿ ಅಜೀಯಾ ಸಂಸ್ಥೆಯು ಕೊಂಡುಕೊಂಡಿತು. ಅಜೀಯಾ 2006ರಲ್ಲಿ ಭೌತಿಕ ಲೆಕ್ಕಕ್ಕೆಂದೇ ಮೀಸಲಾದ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. 128 ಮೆಗಾಬೈಟ್ ಸ್ಮೃತಿಯಿದ್ದ ಈ ಕಾರ್ಡನ್ನು ಆಸುಸ್ ಮತ್ತು ಬಿಎಫ್‌ಜಿ ಸಂಸ್ಥೆಗಳು ಮಾರಾಟ ಮಾಡಿದವು. ಆದರೆ ಅದನ್ನು ಬಳಸಿಕೊಳ್ಳುವ ಆಟಗಳು ಕಡಿಮೆಯಿದ್ದವು. ಅಲ್ಲದೆ ಕಾರ್ಡ್ ಲೆಕ್ಕಹಾಕಿದ ಹೆಚ್ಚುವರಿ ಚೂರುಗಳನ್ನು ಚಿತ್ರಿಸುವ ಹೊರೆ ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ ಬೀಳುತ್ತಿದ್ದುದರಿಂದ ಕೆಲವೊಮ್ಮೆ ಆಟದ ವೇಗ ಹೆಚ್ಚುವ ಬದಲು ಕುಗ್ಗುತ್ತಿತ್ತು.

2008ರ ಫೆಬ್ರುವರಿಯಲ್ಲಿ ಎನ್‌ವಿಡಿಯಾ ಅಜೀಯಾವನ್ನು ಸ್ವಾಧೀನಪಡಿಸಿಕೊಂಡಿತು. ಅದೇ ವರ್ಷ ತನ್ನ ಕುಡಾ ವ್ಯವಸ್ಥೆಯ ಮೂಲಕ ಜಿಫೋರ್ಸ್ 8 ಸರಣಿ ಹಾಗೂ ನಂತರದ ಕಾರ್ಡುಗಳಲ್ಲಿ ಫಿಸ್‌ಎಕ್ಸ್ ನಡೆಯುವಂತೆ ಮಾಡಿತು. ಇದರಿಂದ ಪ್ರತ್ಯೇಕ ಕಾರ್ಡಿನ ಅಗತ್ಯ ಇಲ್ಲದಾಯಿತು. ಮಿರರ್ಸ್ ಎಡ್ಜ್, ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್ ಮತ್ತು ಬಾರ್ಡರ್‌ಲ್ಯಾಂಡ್ಸ್ 2 ಇದನ್ನು ಬಳಸಿದ ಹೆಸರಾಂತ ಆಟಗಳು.

ಸ್ಪರ್ಧಿಗಳು

ಐರ್ಲೆಂಡಿನ ಹ್ಯಾವೊಕ್ ಸಂಸ್ಥೆಯ ತಂತ್ರಾಂಶವು ಸಿಪಿಯು ಆಧಾರಿತವಾಗಿದ್ದು, 2004ರ ಹಾಫ್-ಲೈಫ್ 2 ಆಟದಲ್ಲಿ ಬಳಕೆಯಾಗಿತ್ತು. ಜಿಪಿಯುಗಾಗಿ ಅದು ಯೋಜಿಸಿದ್ದ ಹ್ಯಾವೊಕ್ ಎಫ್‌ಎಕ್ಸ್, 2007ರಲ್ಲಿ ಇಂಟೆಲ್ ಆ ಸಂಸ್ಥೆಯನ್ನು ಕೊಂಡ ನಂತರ ಕೈಬಿಟ್ಟುಹೋಯಿತು. 2015ರಲ್ಲಿ ಹ್ಯಾವೊಕ್ ಮೈಕ್ರೋಸಾಫ್ಟ್‌ನ ಒಡೆತನಕ್ಕೆ ಬಂದಿತು. ಎರ್ವಿನ್ ಕೌಮನ್ಸ್ ಆರಂಭಿಸಿದ ಬುಲೆಟ್ ಎಂಬುದು ಮುಕ್ತ ಆಕರದ ಭೌತಿಕ ತಂತ್ರಾಂಶವಾಗಿದೆ.

ಟೀಕೆ

ಎನ್‌ವಿಡಿಯಾ ಕಾರ್ಡಿಲ್ಲದ ಗಣಕಯಂತ್ರಗಳಲ್ಲಿ ಫಿಸ್‌ಎಕ್ಸ್ ಪರಿಣಾಮಗಳ ಲೆಕ್ಕ ಸಿಪಿಯು ಮೇಲೆ ಬೀಳುತ್ತಿದ್ದು, ಆಟದ ವೇಗ ತೀವ್ರವಾಗಿ ಇಳಿಯುತ್ತಿತ್ತು. 2010ರಲ್ಲಿ ವಿಶ್ಲೇಷಕ ಡೇವಿಡ್ ಕ್ಯಾಂಟರ್, ಸಿಪಿಯು ಆವೃತ್ತಿಯು ಹಳೆಯ ಎಕ್ಸ್87 ಆಜ್ಞೆಗಳನ್ನೇ ಅವಲಂಬಿಸಿದೆ ಎಂದು ತೋರಿಸಿದರು. ಪೆಂಟಿಯಂ 3 ಕಾಲದಿಂದಲೇ ಲಭ್ಯವಿದ್ದ ಎಸ್‌ಎಸ್‌ಇ ಆಜ್ಞೆಗಳು ನಾಲ್ಕು ಸಂಖ್ಯೆಗಳ ಮೇಲೆ ಒಟ್ಟಿಗೆ ಕೆಲಸ ಮಾಡಬಲ್ಲವು. ಹೀಗಾಗಿ ಸಿಪಿಯು ಹಿಂದೆ ಬಿದ್ದುದಕ್ಕೆ ಯಂತ್ರಾಂಶದ ಮಿತಿಯಷ್ಟೇ ಅಲ್ಲ, ತಂತ್ರಾಂಶದ ರಚನೆಯೂ ಕಾರಣವೆಂಬ ವಾದ ಬಲಗೊಂಡಿತು. 2011ರಲ್ಲಿ ಬಂದ 3.0 ಆವೃತ್ತಿಯಲ್ಲಿ ಸಿಪಿಯು ಬಳಕೆಯನ್ನು ಗಣನೀಯವಾಗಿ ಸುಧಾರಿಸಲಾಯಿತು. ಬೇರೆ ಸಂಸ್ಥೆಯ ಕಾರ್ಡ್ ಚಿತ್ರ ರಚನೆ ಮಾಡುತ್ತಿರುವಾಗ ಜಿಫೋರ್ಸ್ ಕಾರ್ಡನ್ನು ಫಿಸ್‌ಎಕ್ಸ್‌ಗೆ ಮಾತ್ರ ಬಳಸುವುದನ್ನು 2009ರಲ್ಲಿ ಎನ್‌ವಿಡಿಯಾದ ಡ್ರೈವರ್‌ ತಡೆದದ್ದೂ ಟೀಕೆಗೆ ಒಳಗಾಯಿತು.

ಹಳೆಯ ಆಟಗಳ ಸಮಸ್ಯೆ

2025ರ ಆರಂಭದಲ್ಲಿ ಬಿಡುಗಡೆಯಾದ ಜಿಫೋರ್ಸ್ ಆರ್‌ಟಿಎಕ್ಸ್ 50 ಸರಣಿಯಲ್ಲಿ 32 ಬಿಟ್ ಕುಡಾ ಬೆಂಬಲವನ್ನು ಕೈಬಿಡಲಾಯಿತು. ಅದರ ಪರಿಣಾಮವಾಗಿ 32 ಬಿಟ್ ಆಟಗಳ ಫಿಸ್‌ಎಕ್ಸ್ ಲೆಕ್ಕವು ಮತ್ತೆ ಸಿಪಿಯುಗೆ ಮರಳಿತು. ಹತ್ತು ವರ್ಷಕ್ಕೂ ಹಳೆಯದಾದ ಕಾರ್ಡಿನಲ್ಲಿ ಸರಾಗವಾಗಿ ನಡೆಯುತ್ತಿದ್ದ ದೃಶ್ಯಗಳು ಹೊಸ ಕಾರ್ಡಿನಲ್ಲಿ ತಡವರಿಸತೊಡಗಿದವು. ಕೆಲವು ಬಳಕೆದಾರರು ಹಳೆಯ ಜಿಫೋರ್ಸ್ ಕಾರ್ಡೊಂದನ್ನು ಎರಡನೆಯದಾಗಿ ಅಳವಡಿಸಿ ಪರಿಹಾರ ಕಂಡುಕೊಂಡರು. 64 ಬಿಟ್ ಆಟಗಳಿಗೆ ಈ ತೊಂದರೆ ಇರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಹೊಸ ಡ್ರೈವರ್ ಮೂಲಕ ಬಾರ್ಡರ್‌ಲ್ಯಾಂಡ್ಸ್ 2, ಮಿರರ್ಸ್ ಎಡ್ಜ್ ಸೇರಿದಂತೆ ಆಯ್ದ ಆಟಗಳಿಗೆ ಈ ಬೆಂಬಲವನ್ನು ಮರಳಿ ನೀಡಲಾಯಿತು. ಒಂದೇ ಸಂಸ್ಥೆಯ ಯಂತ್ರಾಂಶವನ್ನು ನೆಚ್ಚಿಕೊಂಡ ಆಟಗಳ ಸಂರಕ್ಷಣೆ ಎಷ್ಟು ಕಷ್ಟ ಎಂಬುದಕ್ಕೆ ಇದೊಂದು ನಿದರ್ಶನ.

ಪ್ರಸ್ತುತ ಸ್ಥಿತಿ

2018ರ ಡಿಸೆಂಬರ್‌ನಲ್ಲಿ ಎನ್‌ವಿಡಿಯಾ ಫಿಸ್‌ಎಕ್ಸ್ ಅನ್ನು ಬಿಎಸ್‌ಡಿ ಪರವಾನಗಿಯಡಿ ಮುಕ್ತ ಆಕರವಾಗಿ ಪ್ರಕಟಿಸುವುದಾಗಿ ಘೋಷಿಸಿತು. ಆಗ ಹೊರಗುಳಿದಿದ್ದ ಜಿಪಿಯು ಭಾಗದ ಆಕರವೂ 2025ರಲ್ಲಿ ಮುಕ್ತವಾಯಿತು. ಯೂನಿಟಿ ತನ್ನ ಮೂರು ಆಯಾಮದ ಆಟಗಳಿಗೆ ಫಿಸ್‌ಎಕ್ಸ್ ಬಳಸುತ್ತದೆ. ಅನ್‌ರಿಯಲ್ ಎಂಜಿನ್ ತನ್ನ ಐದನೆಯ ಆವೃತ್ತಿಯಲ್ಲಿ ಇದರ ಬದಲು ಕೇಯಾಸ್ ಎಂಬ ಸ್ವಂತ ವ್ಯವಸ್ಥೆಯನ್ನು ಅಳವಡಿಸಿಕೊಂಡಿದೆ. ಆಟಗಳಾಚೆಗೆ, ರೋಬೋಟ್‌ಗಳ ಚಲನೆಯನ್ನು ಗಣಕಯಂತ್ರದಲ್ಲಿ ಅನುಕರಿಸಿ ಪರೀಕ್ಷಿಸಲು ಸಹ ಫಿಸ್‌ಎಕ್ಸ್ ಬಳಕೆಯಲ್ಲಿದೆ.