ಚಿಕ್ಕ ವಿಮಾನದ ಗಾಲಿಯ ಸದ್ದು: ಕಾರಣ ಪತ್ತೆ ಹೇಗೆ?

ಬಿಡಿಭಾಗ ತರಿಸಿ ಜೋಡಿಸುವ ಚಿಕ್ಕ ವಿಮಾನಗಳಲ್ಲಿ (ಉದಾ: ಬೆಂಗಳೂರಿನ ರಾಜಹಂಸ ಸಂಸ್ಥೆಯ ಎಕ್ಸ್-ಏರ್) ಗಾಲಿಯಿಂದ ಸದ್ದು ಬಂದರೆ ಏನು ನೋಡಬೇಕೆಂದು ಸದಸ್ಯರಿಗಾಗಿ ಇಲ್ಲಿ ಕೊಟ್ಟಿದ್ದೇವೆ.

ಮೊದಲು ಇಗ್ನಿಷನ್ ಆಫ್ ಮಾಡಿ, ಉಳಿದ ಗಾಲಿಗಳಿಗೆ ಅಡೆ ಕೊಟ್ಟು, ಜ್ಯಾಕಿನಿಂದ ಎತ್ತಿ, ಗಾಲಿಯನ್ನು ಕೈಯಿಂದ ತಿರುಗಿಸಬೇಕು.

ಗರಗರ ಸದ್ದು: ಬೇರಿಂಗ್. ಇಚಲಕರಂಜಿಯ ಮಗ್ಗದವರಿಗೆ ಇದು ಪರಿಚಿತವೇ. ಬಿಚ್ಚಿ ತೊಳೆದಾಗ ಗುಳಿ ಅಥವಾ ನೀಲಿ ಬಣ್ಣ ಕಂಡರೆ ಗ್ರೀಸ್ ಸಾಲದು, ಬದಲಿಸಬೇಕು.

ಬ್ರೇಕ್ ಒತ್ತಿದಾಗ ಕಿರ್ರೆಂದರೆ: ಪ್ಯಾಡ್, ಡಿಸ್ಕ್.

ಓಡುವಾಗ ಮುಂಗಾಲಿ ಗಡಗಡ ಅದುರಿದರೆ: ಟೈರಿನ ಗಾಳಿ, ಬ್ಯಾಲೆನ್ಸ್, ಡ್ಯಾಂಪರ್.

ನೆಲ ಮುಟ್ಟಿದಾಗ ಟಕ್ಕೆಂದರೆ: ಕಾಲಿನ ಬೋಲ್ಟ್ ಸಡಿಲ, ಇಲ್ಲವೇ ಬಿರುಕು. ಇದೇ ಹೆಚ್ಚು ಅಪಾಯ. ಬೋಲ್ಟ್ ಬಿಗಿ ಮಾಡಿದ ಮೇಲೆ ಸದ್ದು ನಿಂತರೂ ಬಿರುಕಿನ ತಪಾಸಣೆ ಆಗಲೇಬೇಕು. ಕಾರಣ ಸಿಗುವವರೆಗೆ ವಿಮಾನ ನೆಲದಲ್ಲೇ ಇರಲಿ.